ಒಂದು ವೈಫೈ, ಇಬ್ಬರು ಮರ್ಯಾದಸ್ಥರು

ಆ ಮನೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ವೈಫೈ ನೋಡಿಕೊಳ್ಳಲು ಎರಡು ಪ್ರೋಗ್ರಾಮುಗಳಿದ್ದವು. ಹಳೆಯದು ಮಾವ ಹಾಕಿದ್ದು. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಹೊಸದು ಅಳಿಯ ಹಾಕಿದ್ದು. ಅವನು ಕಾಲೇಜಿನ ಲ್ಯಾಬ್ ನೋಡಿಕೊಳ್ಳುವವನು. ಒಂದು ಜೋಡಿಸಿದ ಸಂಪರ್ಕವನ್ನು ಇನ್ನೊಂದು ಕಿತ್ತು ತಾನು ಜೋಡಿಸುತ್ತಿತ್ತು. ಐದು ನಿಮಿಷಕ್ಕೊಮ್ಮೆ ಇದೇ ಪಾಡು. ಒಂದೇ ಒರೆಯಲ್ಲಿ ಎರಡು ಕತ್ತಿ ಇವೆಯೆಂದು ಇಬ್ಬರಿಗೂ ಗೊತ್ತಿತ್ತು. ಆದರೆ ನಿಮ್ಮದನ್ನು ತೆಗೆಯಿರಿ ಎಂದು ಮಾವನಿಗೆ ಹೇಳುವ ಅಳಿಯ ಎಲ್ಲಿದ್ದಾನೆ? ಅಳಿಯನಿಗೆ ಹೇಳುವ ಮಾವ ಇನ್ನೂ ಅಪರೂಪ. ಗೋಡೆ ದಪ್ಪ, ರೂಟರ್ ಹಳೆಯದು ಎಂದು ಇಬ್ಬರೂ ತಲೆದೂಗುತ್ತಿದ್ದರು.

ನಡುವೆ ಬಡವಾದ ಕೂಸು ಮಾವನ ಮಗಳು, ಅಳಿಯನ ಹೆಂಡತಿ. ನ್ಯಾಯಾಲಯದ ದುಭಾಷಿ ಕೆಲಸಕ್ಕೆ ಅವಳ ಪರೀಕ್ಷೆ ಅಂದು ಹನ್ನೊಂದಕ್ಕೆ, ವಿಡಿಯೋದಲ್ಲಿ. ಫೋನಿನಲ್ಲಿ ಕೊಡುವಂತಿಲ್ಲ. ಸಂಪರ್ಕ ಒಮ್ಮೆ ಕಡಿದುಹೋದರೂ ರದ್ದು, ಮತ್ತೆ ಕೂರಲು ವರ್ಷ ಕಾಯಬೇಕು. ತಿಂಡಿಯ ಹೊತ್ತಿನಲ್ಲಿ ಅವಳು, ಎರಡರಲ್ಲಿ ಒಂದು ಹೋಗಲೇಬೇಕು, ಯಾವುದೆಂದು ನೀವೇ ತೀರ್ಮಾನಿಸಿ ಎಂದು ಹೇಳಿ ಓದಲು ಹೋದಳು.

ಹತ್ತೂವರೆಗೆ ಬಂದು ನೋಡಿದರೆ ಪರದೆಯ ಮೂಲೆಯಲ್ಲಿ ವೈಫೈ ಗುರುತೇ ಇಲ್ಲ.

"ಅಪ್ಪ, ಏನು ಮಾಡಿದ್ರಿ?"

"ನನ್ನದನ್ನ ತೆಗೆದೆ. ಅಳಿಯಂದಿರದು ಇರಲಿ ಅಂತ."

ಸ್ನಾನ ಮುಗಿಸಿ ಬಂದ ಅಳಿಯ ಬಾಗಿಲಲ್ಲೇ ನಿಂತ. "ಮಾವ, ತಿಂಡಿ ಆದ ತಕ್ಷಣ ನಾನು ನನ್ನದನ್ನ ತೆಗೆದುಬಿಟ್ಟೆನಲ್ಲ. ಹಿರಿಯರದು ಇರಲಿ ಅಂತ."

ಯಾವುದನ್ನು ಮತ್ತೆ ಹಾಕಬೇಕಾದರೂ ಇಂಟರ್‌ನೆಟ್ ಬೇಕು. ರೂಟರಿಗೆ ಹಾಕುವ ತಂತಿ ಮನೆಯಲ್ಲಿಲ್ಲ, ಫೋನಿಗೆ ಸಿಗ್ನಲ್ ಇಲ್ಲ.

"ಇಬ್ಬರೂ ಮರ್ಯಾದೆ ಸ್ವಲ್ಪ ಕಡಿಮೆ ಮಾಡ್ಕೊಳ್ಳಿ," ಎಂದಳು ಮಗಳು. "ಇನ್ನು ಅರ್ಧ ಗಂಟೆ ಇದೆ."

ಉಳಿದದ್ದು ಕೈಯಿಂದಲೇ ಆದೇಶ ಬರೆದು ಜೋಡಿಸುವ ದಾರಿ. ರೂಟರಿಗೆ ಪಾಸ್‌ವರ್ಡ್ ಒಪ್ಪಿಸುವ ಸಾಲು ಅಳಿಯನಿಗೆ ಬರುತ್ತಿತ್ತು, ಅದರಿಂದ ಕಂಪ್ಯೂಟರಿಗೊಂದು ಇಂಟರ್‌ನೆಟ್ ವಿಳಾಸ ಕೇಳಿ ಪಡೆಯುವ ಸಾಲು ಮಾವನಿಗೆ. ಅಲ್ಲೂ ನೀವು ಮೊದಲು, ಇಲ್ಲ ನೀವು ಎಂದು ಶುರುವಾಯಿತು. ಮಗಳು ಗಂಡನನ್ನು ಕುರ್ಚಿಗೆ ನೂಕಿದಳು. ಅವನು ಬರೆದ ಸಾಲನ್ನು ಕಂಪ್ಯೂಟರ್ ಒಪ್ಪಲಿಲ್ಲ. ಮಾವ ಗಂಟಲು ಸರಿಮಾಡಿಕೊಂಡರು. ಎರಡನೇ ಸಲವೂ ಒಪ್ಪಲಿಲ್ಲ. ಮಾವ ಕಿಟಕಿಯ ಕಡೆ ನೋಡಿದರು. ಮೂರನೇ ಸಲಕ್ಕೆ ಅವರಿಗೆ ತಡೆಯಲಾಗಲಿಲ್ಲ.

"ತಪ್ಪು ಬರೀತಿದ್ದೀಯ ನೀನು. ವೈಫೈ ಕಾರ್ಡಿನ ಹೆಸರು ಅದಲ್ಲ."

ಮದುವೆಯಾದ ಆರು ವರ್ಷದಲ್ಲಿ ಅಳಿಯನಿಗೆ ಸಿಕ್ಕ ಮೊದಲ ಏಕವಚನ. ಅವನು ಹೆಸರು ತಿದ್ದಿದ. "ಸ್ವಲ್ಪ ಆ ಕಡೆ ಸರೀರಿ ಮಾವ, ಬೆಳಕಿಗೆ ಅಡ್ಡ ಇದ್ದೀರಿ," ಎಂದ.

ಹನ್ನೊಂದಕ್ಕೆ ಎಂಟು ನಿಮಿಷ ಇರುವಾಗ ಮಾವ ತಮ್ಮ ಸಾಲು ಬರೆದರು, ಸಂಪರ್ಕ ಬಂತು. ಪರೀಕ್ಷೆ ಐವತ್ತು ನಿಮಿಷ ನಡೆಯಿತು, ಸಂಪರ್ಕ ಒಮ್ಮೆಯೂ ಕಡಿದುಹೋಗಲಿಲ್ಲ. ಮಗಳು ಬಾಗಿಲು ತೆರೆದಾಗ ಹೊರಗೆ ಗಂಡ, ಅಪ್ಪ ಇಬ್ಬರೂ ಪಿಸುದನಿಯಲ್ಲಿ, ಮತ್ತೆ ಹಾಕುವುದಾದರೆ ಯಾರದು ಎಂದು, ಕೊನೆಗೂ ನೆಟ್ಟಗೆ ಜಗಳವಾಡುತ್ತಿದ್ದರು.