ಬಾಗಿಲ ಪಕ್ಕದ ಆಸನ

ನನ್ನಾಕೆ ತೀರಿಕೊಂಡ ನಾಲ್ಕು ತಿಂಗಳಿಗೆ ನಾನೂ ಮಗಳೂ ಆಕೆಯ ಅಕ್ಕನನ್ನು ನೋಡಿ ಬರಲು ವಿಮಾನದಲ್ಲಿ ಹೊರಟೆವು. ನಲವತ್ತು ವರ್ಷ ಮುದ್ರಣಾಲಯದಲ್ಲಿ ನಿಂತೇ ಕೆಲಸ ಮಾಡಿದ ನನ್ನ ಎಡ ಮೊಣಕಾಲು ಈಗ ಹೇಳಿದ ಮಾತು ಕೇಳುವುದಿಲ್ಲ. ಕಾಲು ಚಾಚಲು ಜಾಗವಿರಲೆಂದು ಮಗಳು ರೆಕ್ಕೆಯ ಬಳಿ, ತುರ್ತು ಬಾಗಿಲ ಸಾಲಿನಲ್ಲಿ ಎರಡು ಆಸನ ಹಿಡಿದಿದ್ದಳು. ನನ್ನ ಊರುಗೋಲನ್ನು ಮಡಚಿ ತನ್ನ ಚೀಲದಲ್ಲಿ ಅಡಗಿಸಿದ್ದಳು. ಏನು ಕೇಳಿದರೂ ಹೂಂ ಅಂದುಬಿಡಿ, ಸುಮ್ಮನೆ ಶಾಸ್ತ್ರಕ್ಕೆ ಕೇಳುತ್ತಾರೆ ಎಂದು ದಾರಿಯುದ್ದಕ್ಕೂ ಪಾಠ ಹೇಳಿದ್ದಳು.

ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದಾಗ ಗಗನಸಖಿ ಬಂದಳು. ಈ ಸಾಲಿನಲ್ಲಿ ಕೂತವರು ಕಾಲ ಬಳಿ ಚೀಲ ಇಡಬಾರದು, ಅಪಾಯ ಬಂದರೆ ಹೇಳಿದ ಕೂಡಲೇ ಬಾಗಿಲು ತೆಗೆದು ಬೇರೆಯವರಿಗೆ ದಾರಿ ಮಾಡಿಕೊಡಬೇಕು, ಮನಸ್ಸಿಲ್ಲದವರು ಈಗಲೇ ಹೇಳಬಹುದು ಎಂದು ಬಿಡಿಸಿ ಹೇಳಿದಳು. ಆಚೆ ಬದಿಯ ದಪ್ಪ ಮೀಸೆಯವರು ಫೋನಿನಿಂದ ಕಣ್ಣೆತ್ತದೆ ತಲೆಯಾಡಿಸಿದರು. ಅವಳು ಕದಲಲಿಲ್ಲ. ಬಾಯಿಬಿಟ್ಟು ಹೇಳಬೇಕು ಎಂದಳು.

"ನನ್ನ ಮದುವೇಲೂ ನನ್ನನ್ನ ಯಾರೂ ಇಷ್ಟು ಕೇಳಿರ್ಲಿಲ್ಲ ಕಣಮ್ಮ," ಎಂದರು ಮೀಸೆಯವರು.

"ಅದಕ್ಕೇ ಈಗಾದ್ರೂ ಕೇಳ್ತಿದೀನಿ ಸರ್."

ಸುತ್ತಲಿನವರು ನಕ್ಕರು. ಅವಳೂ ನಕ್ಕಳು, ಆದರೆ ಉತ್ತರ ಪಡೆಯದೆ ಬಿಡಲಿಲ್ಲ. ದಿನಕ್ಕೆ ಎಷ್ಟು ಸಲ ಕೇಳುತ್ತಾಳೋ, ನನ್ನ ಕಡೆ ತಿರುಗಿದಾಗ ಮಾತ್ರ ಅದೇ ಮೊದಲ ಸಲವೆಂಬಂತೆ ಬಗ್ಗಿ, ಮುಖ ನೋಡಿ ಕೇಳಿದಳು.

"ಬಾಗಿಲು ಹದಿನೈದು ಕೆಜಿಗಿಂತ ಭಾರ ಇರುತ್ತೆ. ಎತ್ತಿ ಆಚೆ ಹಾಕೋಕೆ ನಿಮ್ಮ ಕೈಲಿ ಆಗುತ್ತಾ ಸರ್?"

ಮಗಳ ಮೊಣಕೈ ನನ್ನ ಪಕ್ಕೆಗೆ ತಗುಲಿತು. 'ಆಗುತ್ತೆ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಿಂದೊಮ್ಮೆ ಅದನ್ನು ಆಡಿದ್ದೆ. ನನ್ನಾಕೆಯನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ, ಇವರನ್ನು ಒಬ್ಬರೇ ಎತ್ತಿ ಕೂರಿಸಲು ಆಗುತ್ತದೆಯೇ ಎಂದು ದಾದಿ ಕೇಳಿದ್ದಳು. ಕೇಳುತ್ತಲೇ ಪಕ್ಕದ ಮಂಚಕ್ಕೆ ಹೊರಟಿದ್ದಳು. ಆಗುತ್ತದೆ ಎಂದೆ. ಗಂಡಸಿನ ಜಂಭ. ಮೂರನೆಯ ದಿನ ಮೊಣಕಾಲು ಕುಸಿದು ಇಬ್ಬರೂ ಬಿದ್ದೆವು. ಅವಳ ಸೊಂಟದ ಮೂಳೆ ಮುರಿಯಿತು. ಆಮೇಲೆ ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ತಾನಾಗಿ ಏಳಲು ಹೋಗಿ ಬಿದ್ದಳೆಂದು ಮಗಳಿಗೆ ಸುಳ್ಳು ಹೇಳಿದೆ. ಆ ದಿನ ಕೆಲಸಕ್ಕೆ ಹೋಗಿದ್ದ ಮಗಳು, ತಾನು ರಜೆ ಹಾಕಿದ್ದರೆ ಅಮ್ಮ ಉಳಿಯುತ್ತಿದ್ದಳೆಂದು ಇಂದಿಗೂ ಕೊರಗುತ್ತಾಳೆ. ನಾನು ಕೇಳಿಸಿಕೊಂಡು ಸುಮ್ಮನಿರುತ್ತೇನೆ. ಪ್ರತಿ ಬೆಳಗಿನ ಪ್ರಾರ್ಥನೆಯಲ್ಲಿ ದೇವರಿಗೆ ಹೇಳಿದ್ದನ್ನು ಅವಳಿಗೆ ಹೇಳುವ ಧೈರ್ಯ ಬಂದಿರಲಿಲ್ಲ.

ಈ ಗಗನಸಖಿ ಕಾಯುತ್ತಿದ್ದಳು. ಹಿಂದೆ ಜನ ದಾರಿಗಾಗಿ ನಿಂತಿದ್ದರೂ ನನ್ನನ್ನು ಅವಸರಪಡಿಸಲಿಲ್ಲ.

"ಆಗಲ್ಲಮ್ಮ. ನನ್ನ ಮೊಣಕಾಲು ಸರಿಯಿಲ್ಲ."

"ಹೇಳಿದ್ದು ಒಳ್ಳೇದಾಯ್ತು ಸರ್."

ಅವಳ ದನಿಯಲ್ಲಿ ಬೇಸರವಿರಲಿಲ್ಲ, ಕನಿಕರವೂ ಇರಲಿಲ್ಲ. ನಾನು ಏನೋ ಕೆಲಸ ಮಾಡಿಕೊಟ್ಟವನಂತೆ ಮಾತಾಡಿದಳು. ಹಿಂದಿನ ಸಾಲಿನಿಂದ ಲಾರಿ ರಿಪೇರಿ ಮಾಡುತ್ತೇವೆಂದ ದಂಪತಿಯನ್ನು ಒಪ್ಪಿಸಿ ಕರೆತಂದು ನಮ್ಮ ಜಾಗದಲ್ಲಿ ಕೂರಿಸಿದಳು. ಅವರ ತೋಳು ನೋಡಿದರೆ ಕೇಳುವ ಅಗತ್ಯವೇ ಇರಲಿಲ್ಲ. ಆದರೂ ಇಬ್ಬರಿಗೂ ಬೇರೆ ಬೇರೆಯಾಗಿ, ಒಂದು ಮಾತೂ ಬಿಡದೆ, ಎಲ್ಲವನ್ನೂ ಮತ್ತೆ ಕೇಳಿದಳು. ನಮ್ಮನ್ನು ಅವರ ಆಸನಗಳಿಗೆ ಕಳಿಸಿ, ನನಗೆ ಓಡಾಡುವ ದಾರಿಯ ಪಕ್ಕದ ಜಾಗ ಕೊಡಿಸಿದಳು. ಇಂಥವರು ಇರುವುದರಿಂದಲೇ ಆಕಾಶದಲ್ಲಿ ಜನ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಾರೆ ಎಂದುಕೊಂಡೆ.

ಮಗಳ ಮುಖ ಬಿಗಿದಿತ್ತು. ಒಂದು ಹೂಂ ಅನ್ನೋಕೆ ನಿಮಗೇನು ಕಷ್ಟ ಇತ್ತು ಎಂದು ಗೊಣಗಿದಳು.

"ಪುಟ್ಟೀ, ಆಸ್ಪತ್ರೇಲೂ ಹೂಂ ಅಂದಿದ್ದೆ. ನಿಮ್ಮಮ್ಮ ತಾನಾಗಿ ಏಳೋಕೆ ಹೋಗ್ಲಿಲ್ಲ. ನಾನು ಎತ್ತೋಕೆ ಹೋಗಿ ಬೀಳಿಸ್ದೆ. ನಿನ್ನ ತಪ್ಪು ಏನೂ ಇಲ್ಲ."

ಅವಳು ಕಿಟಕಿಯ ಕಡೆ ತಿರುಗಿದಳು. ವಿಮಾನ ಮೇಲೇರಿತು, ಇಳಿಯಿತು. ಅಷ್ಟೂ ಹೊತ್ತು ಅವಳು ಹೊರಗೇ ನೋಡುತ್ತಿದ್ದಳು. ನಾನು ಒತ್ತಾಯಿಸಲಿಲ್ಲ.

ಎಲ್ಲರೂ ಎದ್ದು ನಿಂತಾಗ ಅವಳು ಚೀಲದಿಂದ ಊರುಗೋಲು ತೆಗೆದು, ಬಿಡಿಸಿ, ನನ್ನ ಕೈಗೆ ಕೊಟ್ಟಳು. ಕಣ್ಣು ಕೆಂಪಾಗಿತ್ತು.

"ಏಳೋಕೆ ಆಗುತ್ತಾ ಅಪ್ಪ?" ಎಂದು ಕೇಳಿ, ಕಾದಳು.

"ಒಬ್ಬನಿಗೇ ಆಗಲ್ಲ ಮಗಳೇ."

ಅವಳು ನನ್ನ ತೋಳು ಹಿಡಿದಳು.