ಒಸಡಿನ ಬಣ್ಣದ ಚಕ್ರ

ಮಾವನ ಬಾಯಿಂದ ಒಂದು ಹೊಗಳಿಕೆ ಹೊರಡಿಸುವುದೆಂದರೆ ಕಲ್ಲಿನಿಂದ ನಾರು ತೆಗೆದ ಹಾಗೆ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಇಪ್ಪತ್ತೆರಡು ವರ್ಷ ಸೇನೆಯಲ್ಲಿ ಗಾಡಿ ರಿಪೇರಿ ಮಾಡಿದವರು. ಯಾರು ಏನು ಮಾಡಿ ತಂದರೂ ಅವರಿಗೆ ಮೊದಲು ಕಾಣುತ್ತಿದ್ದುದು ಅದರ ಕೊರತೆ.

ಅವರ ಮಗನಿಗೆ ಟ್ಯಾಂಕು, ಜೀಪುಗಳ ಪುಟ್ಟ ಮಾದರಿ ಜೋಡಿಸುವ ಹುಚ್ಚು. ಬಿಡಿಭಾಗಗಳ ಕಿಟ್ಟಿನ ಜೊತೆ ಬಂದ ಹಾಳೆಯಲ್ಲಿ ಹೇಳಿದಂತೆ ಅಂಟಿಸಿ, ಮಿಕ್ಕ ಚೂರುಗಳನ್ನು ಒಂದು ಬೂಟಿನ ಡಬ್ಬಕ್ಕೆ ಹಾಕಿಡುತ್ತಿದ್ದ. ಒಂದು ಭಾನುವಾರ ಮಾವ, ತಾವು ಓಡಿಸುತ್ತಿದ್ದ ರಿಕವರಿ ಲಾರಿ ಇವುಗಳಲ್ಲಿ ಯಾಕಿಲ್ಲ ಎಂದು ಕೇಳಿದರು. ಕೆಸರಿನಲ್ಲಿ ಹೂತುಹೋದ ಟ್ಯಾಂಕುಗಳನ್ನು ಎಳೆದು ತರುವ, ಬೆನ್ನ ಮೇಲೆ ಕ್ರೇನು ಹೊತ್ತ ಗಾಡಿ ಅದು. ಅಂಥದ್ದರ ಕಿಟ್ಟು ಯಾರೂ ಮಾಡುವುದಿಲ್ಲ ಎಂದ ಮಗ.

"ಸರಿ ಬಿಡು. ಗುಂಡು ಹೊಡೆಯೋದಕ್ಕಿರೋ ಮರ್ಯಾದೆ ಎಳ್ಕೊಂಡು ಬರೋದಕ್ಕೆಲ್ಲಿ" ಎಂದು ಮಾವ ಪೇಪರು ಬಿಡಿಸಿದರು.

ಆ ಮಾತು ಸೊಸೆಯ ಕಿವಿಗೆ ಬಿದ್ದಿದ್ದು ಅವರಿಗೆ ತಿಳಿದದ್ದು, ಮರುದಿನ ಸಂಜೆ ಅವಳು ಆ ಡಬ್ಬವನ್ನು ಊಟದ ಮೇಜಿನ ಮೇಲೆ ಸುರಿದಾಗ. ಅವಳು ಹಲ್ಲುಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸಕ್ಕಿದ್ದವಳು. ಚಿಮುಟ, ಸಣ್ಣ ಅರ ಅವಳಿಗೆ ಬೆರಳಿದ್ದ ಹಾಗೆ. ಲಾರಿಯ ಫೋಟೋ ಕೇಳಿದಳು. ಇರಲಿಲ್ಲ. ಹಾಗಾದರೆ ಬಾಯಲ್ಲೇ ಹೇಳಿ ಎಂದಳು.

ಒಂದು ಟ್ಯಾಂಕಿನ ಹೆಚ್ಚುವರಿ ತೋಪಿನ ನಳಿಗೆಯಿಂದ ಕ್ರೇನಿನ ತೋಳಾಯಿತು. ಜೀಪಿನ ಎರಡು ಬಾಗಿಲು ಕೊಯ್ದು ಸೇರಿಸಿದ್ದಕ್ಕೆ ಕ್ಯಾಬಿನ್ನಿನ ಗೋಡೆ ಎದ್ದಿತು. ತೋಳು ಉದ್ದವಾಯಿತೆಂದು ಮಾವ ಮೂರು ಸಲ ಹಿಂತಿರುಗಿಸಿದರು. ಅವಳು ಮುಖ ಗಂಟಿಕ್ಕದೆ ಮೂರು ಸಲವೂ ಅರ ಹಾಕಿ ಉಜ್ಜಿದಳು. ಚಕ್ರ ಆರು ಬೇಕು, ಡಬ್ಬದಲ್ಲಿದ್ದದ್ದು ಐದು. ಆರನೆಯದನ್ನು ಅವಳು ಲ್ಯಾಬಿನಲ್ಲಿ ಅಚ್ಚು ತೆಗೆದು, ಹಲ್ಲುಸೆಟ್ಟಿನ ಒಸಡಿಗೆ ಹಾಕುವ ಗುಲಾಬಿ ಮಿಶ್ರಣದಲ್ಲೇ ಎರೆದು ತಂದಳು. ಲಾರಿಗೂ ವಯಸ್ಸಾಯಿತು, ಒಸಡು ಕಾಣ್ತಿದೆ ಎಂದು ಗಂಡ ನಕ್ಕ. ಹಸಿರು ಬಳಿದ ಮೇಲೆ ಅದು ಯಾವುದೆಂದು ಅವನಿಗೇ ಹುಡುಕಲಾಗಲಿಲ್ಲ.

ತೊಡಕಾದದ್ದು ವಿಂಚಿನ ಹಿಡಿಯ ವಿಷಯದಲ್ಲಿ. ಎಳೆಯುವ ಹಗ್ಗ ಸುತ್ತುವ ಆ ಯಂತ್ರದ ಹಿಡಿ ಎಲ್ಲಿತ್ತೆಂದು ಮಾವನಿಗೆ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಅವಮಾನವಾದವರಂತೆ ಎರಡು ದಿನ ಮೇಜಿನ ಹತ್ತಿರ ಸುಳಿಯಲಿಲ್ಲ. ಮೂರನೆಯ ದಿನ ಸೊಸೆ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕೈಗೊಂದು ತಟ್ಟೆ ಕೊಟ್ಟಳು.

"ಇದು ಸ್ಟೀರಿಂಗು, ಮಾವ. ಕಣ್ಣು ಮುಚ್ಚಿ. ಹಿಂದೆ ಟ್ಯಾಂಕು ಕಟ್ಟಿದ್ದೀರಿ. ಈಗ ಎಳೀರಿ."

ಮಾವ ನಗಲು ಹೊರಟರು. ಅಷ್ಟರಲ್ಲಿ ಅವರ ಎಡಗೈ ತಾನಾಗಿ ಕೆಳಗಿಳಿದು, ಸೊಂಟದ ಹಿಂದೆ ಹೋಗಿ, ಗಾಳಿಯಲ್ಲಿ ಏನನ್ನೋ ಹಿಡಿದುಕೊಂಡಿತು. ಸೊಸೆ ಟೇಪು ಹಿಡಿದು ಅಳೆದಳು. ಮಾದರಿ ನಿಜದ ಗಾಡಿಯ ಮೂವತ್ತೈದನೇ ಒಂದು ಪಾಲಾದ್ದರಿಂದ ಅಳತೆಯನ್ನು ಮೂವತ್ತೈದರಿಂದ ಭಾಗಿಸಿ, ಲಾರಿಯಲ್ಲಿ ಆ ಜಾಗಕ್ಕೆ ಹಿಡಿಯಾಗಿ ಗುಂಡುಸೂಜಿಯೊಂದನ್ನು ನೆಟ್ಟಳು.

ಬಣ್ಣ ಒಣಗಿದ ದಿನ ಮಾವ ಕನ್ನಡಕ ಒರೆಸಿ, ಟಾರ್ಚು ತಂದು, ಹಿಂದೆ ಗಾಡಿಗಳನ್ನು ತಪಾಸಣೆ ಮಾಡುತ್ತಿದ್ದ ಕ್ರಮದಲ್ಲೇ ನೋಡಿದರು. ಕೊನೆಗೆ ಮಗುಚಿದರು. ಅಡಿಯಲ್ಲಿ ಚಕ್ರದ ಅಚ್ಚು, ಸ್ಪ್ರಿಂಗ್ ಪಟ್ಟಿ, ಹೊಗೆಕೊಳವೆ, ಎಲ್ಲ ಇದ್ದವು. ತಾವು ಹೇಳದೇ ಇದ್ದ ಎಣ್ಣೆಯ ಜಿಡ್ಡೂ ಇತ್ತು.

"ಇದು ಯಾರಿಗಮ್ಮ ಕಾಣತ್ತೆ?"

"ನಿಮಗೆ ಕಾಣತ್ತಲ್ಲ, ಮಾವ. ನೀವು ಅದರ ಕೆಳಗೇ ತಾನೆ ಮಲಗಿ ಕೆಲಸ ಮಾಡಿದ್ದು."

ಮಾವ ಬಹಳ ಹೊತ್ತು ಟಾರ್ಚು ಆರಿಸಲಿಲ್ಲ. ಆಮೇಲೆ, ತಮ್ಮ ತುಕಡಿಯಲ್ಲಿ ಇಂಥ ಕೈ ಒಂದಿದ್ದಿದ್ದರೆ ಎಷ್ಟು ಗಾಡಿ ಉಳಿಯುತ್ತಿತ್ತೋ ಎಂದರು. ಅಡುಗೆಮನೆಯಿಂದ ಅತ್ತೆ ಸೌಟು ಹಿಡಿದೇ ಹೊರಬಂದು, ಈ ಮಾತು ಹೇಳಿದ್ದು ತಮ್ಮ ಗಂಡನೇ ಹೌದೋ ಎಂದು ನೋಡಿಹೋದರು.

ಮರುದಿನ ಮಾವ ಹಳೆಯ ಜೊತೆಗಾರನನ್ನು ಕರೆಸಿದರು. ಸೇನೆಯಲ್ಲಿ ನೀರಿನ ಟ್ಯಾಂಕರ್ ಓಡಿಸಿದವರಾದ್ದರಿಂದ ಅವರನ್ನು ಎಲ್ಲರೂ ನೀರಣ್ಣ ಎನ್ನುತ್ತಿದ್ದರು. ಸೊಸೆ ಮಾಡಿದ್ದೆಂದು ಮಾವ ನಾಲ್ಕು ಸಲ ಹೇಳಿದರು. ನೀರಣ್ಣ ಸುತ್ತು ಬಂದು ನೋಡಿದರು, ಚಹಾ ಕುಡಿದು ಹೊರಟರು.

ಮೂರು ದಿನ ಕಳೆದು ಮತ್ತೆ ಬಂದಾಗ ಅವರ ಕೈಯಲ್ಲಿ ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದ ಒಂದು ಟ್ಯಾಂಕರಿನ ಚಿತ್ರವಿತ್ತು. ಸಂಕೋಚದಿಂದ ಸೊಸೆಯ ಮುಂದೆ ಹಿಡಿದರು.

"ಇದರ ಕಿಟ್ಟೂ ಎಲ್ಲೂ ಸಿಗಲ್ಲವಂತೆ, ತಾಯಿ" ಎಂದರು.

ಸೊಸೆ ಚಿತ್ರವನ್ನು ಬೆಳಕಿಗೆ ಹಿಡಿದು, ನಲ್ಲಿಗಳು ಎಷ್ಟಿದ್ದವು ಎಂದು ಕೇಳಿದಳು. ಅವಳು ಕೂರಲೆಂದು ಮಾವ ಕುರ್ಚಿ ಎಳೆದರು.