ಜಪಾನಿ ಕಾರಿನ ಉಸಿರು

ನನ್ನ ಹೆಂಡತಿ ವರ್ನಾ ಸೂಲಗಿತ್ತಿ. ಸರ್ಕಾರಿ ಆಸ್ಪತ್ರೆಯ ನೀಲಿ ಅಂಗಿ ತೊಟ್ಟು ಮನೆಮನೆಗೆ ಹೋಗಿ ಹೆರಿಗೆ ಮಾಡಿಸುವವಳು. ದಕ್ಷಿಣ ಲಂಡನ್ನಿನಲ್ಲಿ, ನಮ್ಮ ಕ್ಯಾಟ್‌ಫರ್ಡಿನಿಂದ ಹಿಡಿದು ಸಿಡೆನ್‌ಹ್ಯಾಮ್ ದಿಬ್ಬದವರೆಗೆ, ಅವಳ ಅಂಗೈಯಲ್ಲಿ ಮೊದಲ ಉಸಿರೆಳೆದ ಮಕ್ಕಳು ಈಗ ಗಡ್ಡ ಬಿಟ್ಟುಕೊಂಡು ಓಡಾಡುತ್ತಿದ್ದಾರೆ. ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಬಿಟ್ಟುಕೊಟ್ಟರೆ, "ಇವನೂ ನಿನ್ನವನೇನೇ?" ಅಂತ ನಾನು ಕೇಳುತ್ತೇನೆ. "ಹ್ಞೂಂ, ಕಾಲು ಮುಂದಾಗಿ ಬಂದವನು," ಅನ್ನುತ್ತಾಳೆ.

ನಾನು ಸೆಲ್ವಿನ್. ಜಮೈಕಾದಿಂದ ಹುಡುಗನಾಗಿ ಬಂದವನು, ಜೀವಮಾನವೆಲ್ಲ ಇಲ್ಲಿಯ ಕೆಂಪು ಬಸ್ ಓಡಿಸಿ ಈಗ ಮನೆಯಲ್ಲಿ ಕೂತಿದ್ದೇನೆ. ವರ್ನಾ ಕೆಲಸಕ್ಕೆ ಓಡಿಸುವ ಕಾರನ್ನು ಜಪಾನಿನಿಂದ ಹಡಗಿನಲ್ಲಿ ತರಿಸಿದವನು ನಾನೇ. ಅಂಗೈಯಗಲದ ಪುಟ್ಟ ಕಾರು. ಆದರೆ ಮಾಡು ಎತ್ತರ, ಪಕ್ಕಕ್ಕೆ ಜಾರುವ ಬಾಗಿಲು. ವರ್ನಾಳ ಹೆರಿಗೆನೋವು ತಗ್ಗಿಸುವ ಅನಿಲದ ಸಿಲಿಂಡರು, ತೂಕದ ತಕ್ಕಡಿ, ಚೀಲಗಳೆಲ್ಲ ಅದರೊಳಗೆ ನಿಂತಂತೆಯೇ ಕೂರುತ್ತಿದ್ದವು. ಕೀಲಿ ತಿರುಗಿಸಿದರೆ ಒಳಗಿನಿಂದೊಂದು ಹೆಣ್ಣುದನಿ ಜಪಾನಿ ಭಾಷೆಯಲ್ಲಿ ಏನೋ ಉಲಿಯುತ್ತಿತ್ತು. "ನಿನಗೂ ಶುಭವಾಗಲಿ ತಾಯಿ," ಎಂದು ಹೇಳದೆ ವರ್ನಾ ಗಾಡಿ ಎತ್ತುತ್ತಿರಲಿಲ್ಲ.

ಹೊಗೆ ಉಗುಳುವ ಗಾಡಿಗಳಿಗೆ ದಿನದಿನವೂ ದಂಡ ಹಾಕುವ ವಲಯ ಮೊದಲು ಊರ ನಡುವೆ ಮಾತ್ರ ಇತ್ತು. ಒಂದು ಬೇಸಿಗೆಯ ಕೊನೆಗೆ ಅದು ಇಡೀ ಲಂಡನ್ನಿಗೆ ಹಬ್ಬಿತು. ನಗರಾಡಳಿತದ ಜಾಲತಾಣದಲ್ಲಿ ನಮ್ಮ ಕಾರಿನ ನಂಬರು ಹಾಕಿ ನೋಡಿದರೆ, ದಂಡ ಕಟ್ಟಬೇಕು ಅಂತ ಕೆಂಪಕ್ಷರ ಬಂತು. ಇಲ್ಲೇ ಮಾರಾಟವಾದ ಗಾಡಿಗಳ ಹೊಗೆಯ ಲೆಕ್ಕ ಅವರ ಬಳಿ ಇರುತ್ತದೆ. ಹೊರದೇಶದಿಂದ ಬಂದ ಇಪ್ಪತ್ತು ವರ್ಷದ ಹಳೇ ಗಾಡಿಯ ಲೆಕ್ಕ ಯಾರ ಬಳಿಯೂ ಇಲ್ಲ. ಲೆಕ್ಕ ಇಲ್ಲ ಅಂದಮೇಲೆ ಕೊಳಕು ಅಂತಲೇ ಅರ್ಥ. ಅಲ್ಲ ಅನ್ನುವವನು ಸಾಬೀತು ಮಾಡಬೇಕು.

ನನಗೆ ಒಳಗೊಳಗೇ ಖುಷಿ. ಯಾಕೆಂದರೆ ಆ ವಲಯ ಬರಬೇಕು ಅಂತ ಬೀದಿಯಲ್ಲೆಲ್ಲ ವಾದ ಮಾಡಿದವಳು ವರ್ನಾ, ಬೇಡ ಅಂದವನು ನಾನು.

"ನೋಡಿದ್ಯಾ? ನೀನೇ ಹಾಲೆರೆದು ಸಾಕಿದ ಹಾವು, ಮೊದಲು ಕಚ್ಚಿದ್ದು ನಿನ್ನನ್ನೇ," ಅಂದೆ.

"ಕಚ್ಲಿ ಬಿಡು. ನಮ್ಮ ಗಾಡಿ ಗಾಳಿ ಕೆಡಿಸ್ತಿದ್ರೆ ಕಚ್ಬೇಕಾದ್ದೇ."

"ಕೆಡಿಸ್ತಿಲ್ಲ ಕಣೇ. ಚಿನ್ನದಂಥ ಇಂಜಿನ್ನು."

"ನಿಂಗೆ ಹೇಗ್ಗೊತ್ತು? ಮೂಸಿ ನೋಡಿದ್ಯಾ?"

ಅವಳದು ತಮಾಷೆಯಲ್ಲ. ಹಗಲಿರುಳೂ ಲಾರಿ ಹರಿಯುವ ಸೌತ್ ಸರ್ಕ್ಯುಲರ್ ರಸ್ತೆಯ ಮೇಲೇ ಕಿಟಕಿ ತೆರೆಯುವ ಮನೆಗಳಲ್ಲಿ ಅವಳು ಹೆರಿಗೆ ಮಾಡಿಸುತ್ತಾಳೆ. ಮಗುವಿನ ತೊಟ್ಟಿಲು ಹಿಂದಿನ ಕೋಣೆಯಲ್ಲಿಡಿ ಅಂತ ತಾಯಂದಿರಿಗೆ ಹೇಳುತ್ತಾಳೆ. ಹಿಂದೆ ಕೋಣೆಯೇ ಇಲ್ಲದವರಿಗೆ ಏನೂ ಹೇಳಲಾಗದೆ ಬಂದು, ಕರಿದ ಬಾಳೆಹಣ್ಣಿನ ತಟ್ಟೆ ಮುಂದಿಟ್ಟುಕೊಂಡು ತಿನ್ನದೆ ಕೂರುತ್ತಾಳೆ. ಅಂಥ ಮನೆಯ ಬಾಗಿಲಿಗೆ ತಾನೇ ವಿಷ ಹೊತ್ತುಕೊಂಡು ಹೋಗುತ್ತಿದ್ದೇನೋ ಎಂಬ ಹುಳ ಅವಳ ತಲೆ ಹೊಕ್ಕಿತು.

ಮೊದಲ ಸುಳಿವು ಕೊಟ್ಟವಳು ಚಿಜುರು. ಫಾರೆಸ್ಟ್ ಹಿಲ್ಲಿನ ಜಪಾನಿ ಬಾಣಂತಿ. ಮಗುವಿನ ತೂಕ ನೋಡಲು ಹೋದ ವರ್ನಾಳನ್ನು ಬೀಳ್ಕೊಡಲು ರಸ್ತೆಗೆ ಬಂದವಳು, ಕಾರಿನ ಹಿಂಗಾಜಿನ ಮೂಲೆಯಲ್ಲಿದ್ದ ಮಾಸಲು ಹಸಿರು ಚೀಟಿಯ ಮುಂದೆ ನಿಂತುಬಿಟ್ಟಳಂತೆ. ಅದರಲ್ಲಿ ನಾಲ್ಕು ನಕ್ಷತ್ರಗಳಿದ್ದವು. ಅಂದಕ್ಕೆ ಅಂಟಿಸಿದ್ದು ಅಂದುಕೊಂಡಿದ್ದೆವು ನಾವು.

"ಇದೇನು ಗೊತ್ತಾ ನಿಮ್ಗೆ? ನಮ್ಮ ದೇಶದಲ್ಲಿ ಹೊಗೆಯ ಮಿತಿ ಏನಿತ್ತೋ, ಅದರ ಕಾಲು ಭಾಗಕ್ಕಿಂತ ಹೆಚ್ಚು ಬಿಡಲ್ಲ ಅಂತ ಅರ್ಥ. ನಾಲ್ಕಕ್ಕಿಂತ ಮೇಲೆ ನಕ್ಷತ್ರ ಇಲ್ಲ," ಅಂದಳಂತೆ ಚಿಜುರು.

ಚೀಟಿಯ ಚಿತ್ರ ತೆಗೆದು ದಂಡ ಹಾಕುವ ಕಚೇರಿಗೆ ಕಳಿಸಿದೆವು. ಉತ್ತರ ಮರ್ಯಾದೆಯಾಗಿಯೇ ಬಂತು: ಜಪಾನಿನ ಪರೀಕ್ಷೆ ಬೇರೆ, ನಮ್ಮದು ಬೇರೆ, ನಕ್ಷತ್ರ ಬೇಡ, ಅಳತೆ ಬೇಕು, ಇಂಥ ಪರೀಕ್ಷಾಲಯದಲ್ಲಿ ಅಳೆಸಿಕೊಂಡು ಬನ್ನಿ.

ಇಪ್ಪತ್ತು ವರ್ಷದ ಹಿಂದೆ ಹೊಸದಾಗಿದ್ದಾಗ ಅದು ಪತಿವ್ರತೆಯೇ ಇರಬಹುದು. ಆಮೇಲೆ ಅದೆಷ್ಟು ಟ್ರಾಫಿಕ್ಕು, ಅದೆಷ್ಟು ಚಳಿ!

"ಬೇಡ ವರ್ನಾ. ಮಾರಿ ಬೇರೆ ತಗೊಳೋಣ. ಮಾನವಾಗಿ ಹೋಗ್ಲಿ ಪಾಪ," ಅಂದೆ.

"ಯಾರಿಗೆ ಮಾರ್ತೀಯ? ವಿಷ ಇದ್ರೆ ಇನ್ನೊಬ್ಬರ ಬೀದಿಗೆ ಕಳಿಸೋದಾ? ಅಳೀಲಿ. ಕೊಳಕು ಅಂತ ಬಂದ್ರೆ ಅಲ್ಲಿಂದ ಸೀದಾ ಗುಜರಿಗೆ. ಒಳ್ಳೇದು ಅಂತ ಬಂದ್ರೆ ನಾನು ಗಟ್ಟಿಯಾಗಿ ಉಸಿರು ಬಿಡ್ತೀನಿ. ನಂಗೆ ಗೊತ್ತಾಗ್ಬೇಕು ಸೆಲ್ವಿನ್, ಅಷ್ಟೇ."

ಪರೀಕ್ಷಾಲಯ ಊರಾಚೆ, ಹೊಲಗಳ ನಡುವೆ ಇತ್ತು. ಇಂಜಿನ್ನು ಪೂರ್ತಿ ತಣ್ಣಗಾಗಿರಬೇಕು ಎಂದು ಹಿಂದಿನ ದಿನವೇ ಕಾರನ್ನು ಒಪ್ಪಿಸಿ ಬಂದಿದ್ದೆವು. ಬೆಳಿಗ್ಗೆ ಹೋದಾಗ ಒಬ್ಬಳು ಎತ್ತರದ ಸ್ಕಾಟ್ ಹೆಂಗಸು ಎದುರುಗೊಂಡಳು, ಹೆಸರು ಮೊರಾಗ್. ಅಲ್ಲಿಯ ಮುಖ್ಯಸ್ಥೆ ಅವಳೇ.

"ನಿಮ್ಮ ಮುದುಕಿ ಚೆನ್ನಾಗಿ ನಿದ್ದೆ ಮಾಡಿದ್ದಾಳೆ," ಅಂದಳು.

"ಯಾರು, ನನ್ನ ಹೆಂಡ್ತೀನಾ?" ಅಂದೆ. ವರ್ನಾ ಮೊಣಕೈಯಲ್ಲಿ ತಿವಿದಳು.

ಗಾಜಿನ ಗೋಡೆಯಾಚೆ ದೊಡ್ಡ ಬಿಳೀ ಕೋಣೆ. ನೆಲದಲ್ಲಿ ಹುಗಿದ ಉಕ್ಕಿನ ಉರುಳೆಗಳ ಮೇಲೆ ನಮ್ಮ ಕಾರಿನ ಮುಂದಿನ ಗಾಲಿಗಳು ಕೂತಿದ್ದವು. ನಾಲ್ಕೂ ಕಡೆಯಿಂದ ಪಟ್ಟಿ ಬಿಗಿದಿದ್ದರು. ಎದುರಿಗೊಂದು ಬಾಗಿಲಷ್ಟು ದೊಡ್ಡ ಬೀಸಣಿಗೆ. ಹೊಗೆಕೊಳವೆಗೆ ಮಿರಮಿರ ಮಿಂಚುವ ದಪ್ಪ ಪೈಪು ಸಿಕ್ಕಿಸಿದ್ದರು. ಒಬ್ಬ ಚಾಲಕ ಒಳಗೆ ಕೂತು ಕೀಲಿ ತಿರುಗಿಸಿದ. ಆ ಜಪಾನಿ ಹೆಣ್ಣು ಅವನಿಗೂ ಏನೋ ಹೇಳಿರಬೇಕು, ಬೆಚ್ಚಿ ಅತ್ತಿತ್ತ ನೋಡಿದ.

ಆಮೇಲೆ ಕಾರು ಓಡಿತು. ಒಂದಂಗುಲವೂ ಕದಲದೆ ಓಡಿತು. ಊರ ಬೀದಿಯಲ್ಲಿ ನಿಂತು ನಿಂತು ಹೊರಡುವಂತೆ ಓಡಿತು, ಆಮೇಲೆ ಹೆದ್ದಾರಿಗೆ ಬಿದ್ದಂತೆ ಓಡಿತು. ಚಕ್ರಗಳು ತಿರುಗಿ ತಿರುಗಿ ಬರೀ ಬೂದು ಮಬ್ಬಾಗಿಬಿಟ್ಟವು. ನಾನು ಜೀವಮಾನವೆಲ್ಲ ಗಾಡಿಯ ಒಳಗೆ ಕೂತವನು. ಇಷ್ಟು ವೇಗದಲ್ಲಿರುವ ಗಾಡಿಯ ಮುಖವನ್ನು ಎದುರಿಗೇ ನಿಂತು ನೋಡಿದ್ದು ಅದೇ ಮೊದಲು. ಚರ್ಚಿನೊಳಗೆ ನಿಂತವನ ಹಾಗೆ ಟೋಪಿ ತೆಗೆದೆ.

"ಅಲ್ಲಿ ನೋಡು," ವರ್ನಾ ಪಿಸುಗುಟ್ಟಿದಳು.

ಪಕ್ಕದ ಗೋಡೆಗೆ ದೊಡ್ಡ ದೊಡ್ಡ ಪಾರದರ್ಶಕ ಚೀಲಗಳನ್ನು ತೂಗುಹಾಕಿದ್ದರು. ಜೋಲುಬಿದ್ದಿದ್ದ ಒಂದು ಚೀಲ ನಿಧಾನಕ್ಕೆ ಅಲುಗಿತು, ಸುಕ್ಕು ಬಿಡಿಸಿಕೊಂಡಿತು, ಉಬ್ಬತೊಡಗಿತು.

"ಅದರಲ್ಲಿ ನಿಮ್ಮ ಕಾರಿನ ಉಸಿರು, ಗಾಳಿಯಲ್ಲಿ ಬೆರೆಸಿದ್ದು," ಅಂದಳು ಮೊರಾಗ್. "ಪಕ್ಕದ್ದರಲ್ಲಿ ಈ ಕೋಣೆಯ ಬರೀ ಗಾಳಿ. ಮೊದಲನೇದರಿಂದ ಇದನ್ನ ಕಳೆದ್ರೆ ಉಳಿಯೋದು ನಿಮ್ಮ ಪಾಪ."

ವರ್ನಾ ಗಾಜಿಗೆ ಹಣೆ ಒತ್ತಿ ನಿಂತಳು. ಅವಳ ಮುಖದಲ್ಲಿ ಆ ನೋಟವನ್ನು ನಾನು ಒಂದೇ ಸಲ ಕಂಡಿದ್ದೆ, ನಮ್ಮ ಮೊಮ್ಮಗಳು ಹುಟ್ಟಿದಾಗ. ನೀಲಿಗಟ್ಟಿದ ಪುಟ್ಟ ಎದೆ ಏಳುತ್ತದೋ ಇಲ್ಲವೋ ಎಂದು ಕಾಯುವ ನೋಟ. ಬಾಯಿ ಅರೆತೆರೆದಿತ್ತು. ಚೀಲ ಉಬ್ಬಿದಷ್ಟೂ ಅವಳೂ ಉಸಿರೆಳೆದುಕೊಳ್ಳುತ್ತಿದ್ದಳು. ಒಳಗೆ ಕಣ್ಣಿಗೆ ಕಾಣುವಂಥದ್ದು ಏನೂ ಇರಲಿಲ್ಲ. ಮಸಿ ಇಲ್ಲ, ಮಂಜಿಲ್ಲ. ಆ ಏನೂ ಇಲ್ಲದ್ದರೊಳಗೇ ಎಲ್ಲ ಇತ್ತು.

ಓಟ ನಿಂತಿತು. ಮೊರಾಗ್ ಪರದೆಯ ಮುಂದೆ ಕೂತಳು. ಹುಬ್ಬು ಗಂಟಿಕ್ಕಿದಳು. ಎದ್ದು ಹೋಗಿ ಯಾವುದೋ ಸಿಲಿಂಡರಿನ ತಿರುಪು ತಿರುಗಿಸಿ ಬಂದಳು, ಮತ್ತೆ ಕೂತಳು. ಮುಗೀತು, ಗುಜರಿಯೇ ಗತಿ ಅಂದುಕೊಂಡೆ.

"ಏನಾಯ್ತಮ್ಮ? ಅಷ್ಟು ಕೆಟ್ಟದಾಗಿದ್ಯಾ?"

"ನಮ್ಮ ಯಂತ್ರವೇ ಕೆಟ್ಟಿದೆ ಅಂದ್ಕೊಂಡೆ. ಅಳತೆ ಮೊದಲೇ ಗೊತ್ತಿರೋ ಅನಿಲ ಬಿಟ್ಟು ನೋಡ್ದೆ. ಯಂತ್ರ ಸರಿಯಾಗೇ ಇದೆ." ಅವಳು ಕನ್ನಡಕ ತೆಗೆದಳು. "ಎರಡು ಚೀಲಕ್ಕೂ ವ್ಯತ್ಯಾಸ ಹುಡುಕೋದೇ ಕಷ್ಟವಾಗ್ತಿದೆ. ಲಂಡನ್ನಿನ ಮಿತಿಯ ಆರನೇ ಒಂದು ಪಾಲೂ ಬಿಡ್ತಿಲ್ಲ ಇದು. ಮೊನ್ನೆ ಬಂದ ಹೊಸ ಗಾಡಿಗಳಲ್ಲೂ ಇಂಥದ್ದು ನೋಡೋದು ಅಪರೂಪ."

ವರ್ನಾ ಕುರ್ಚಿ ಎಳೆದುಕೊಂಡು ಕೂತಳು. "ಯಾರು ಮಾಡಿದ್ದು ಇದನ್ನ?" ಅಂದಳು.

"ಅಂದ್ರೆ? ಕಂಪನಿನಾ?"

"ಅಲ್ಲ. ಕೈಗಳು. ಇದನ್ನ ಜೋಡಿಸಿದ ಜನ. ನಾನ್ಯಾರು, ನನ್ನ ಬೀದಿ ಯಾವ್ದು, ಅಲ್ಲಿ ಯಾರ ಮಗು ಮಲಗಿರುತ್ತೆ, ಅವರಿಗೆ ಗೊತ್ತೇ ಇರ್ಲಿಲ್ಲ. ಆದ್ರೂ ಇಷ್ಟು ಜೋಪಾನ ಮಾಡಿದ್ರಲ್ಲ."

ಗಾಜಿನಾಚೆ ಇಳಿಯುತ್ತಿದ್ದ ಚೀಲವನ್ನು ಮೊರಾಗ್ ಕೂಡ ನೋಡುತ್ತಿದ್ದಳು. ದಿನವೂ ನೋಡುವವಳು, ಆದರೂ ನೋಡುತ್ತಿದ್ದಳು.

ಅಳತೆಯನ್ನು ಕಳಿಸಿದ ಕೆಲವು ವಾರಕ್ಕೆ ನಮ್ಮ ನಂಬರಿನ ಮುಂದೆ ಹಸಿರಕ್ಷರ ಬಂತು, ದಂಡ ತಪ್ಪಿತು. ಅವತ್ತು ನಸುಕಿಗೇ ಬೆಲ್ಲಿಂಗ್‌ಹ್ಯಾಮಿನಿಂದ ಯಾರಿಗೋ ನೋವು ಶುರುವಾಗಿದೆ ಅಂತ ಕರೆ. ಚಳಿ ಕೊರೆಯುತ್ತಿತ್ತು. ವರ್ನಾ ಚೀಲಗಳನ್ನು ತುಂಬುವಷ್ಟರಲ್ಲಿ ನಾನು ಇಂಜಿನ್ನು ಬಿಸಿಯಾಗಲೆಂದು ಶುರುಮಾಡಿ, ಕಾರಿನ ಹಿಂದೆ ಹೋಗಿ ಮಂಡಿಯೂರಿ ಕೊಳವೆಗೆ ಅಂಗೈ ಹಿಡಿದೆ. ಬೆಚ್ಚಗಿತ್ತು. ಕೈ ತೆಗೆದು ನೋಡಿದರೆ ಹನಿ ಹನಿ ನೀರು, ಮಸಿಯ ಗುರುತೇ ಇಲ್ಲ.

ಎದುರುಮನೆಯ ಕ್ಲೆಮೆಂಟ್ ಕಸದ ಡಬ್ಬಿ ಎಳೆದುಕೊಂಡು ಹೊರಗೆ ಬಂದವನು, "ಏನಪ್ಪಾ ಸೆಲ್ವಿನ್, ಕಾರಿನ ಅಂಡಿಗೆ ಪ್ರಾರ್ಥನೆ ಮಾಡ್ತಿದ್ಯಾ?" ಅಂದ.

"ಹೌದು ಕಣೋ," ಅಂದೆ. "ಬಾ, ನೀನೂ ಕೈ ಇಡು."

ಅವನು ನಗುತ್ತಲೇ ಬಂದ. ಬಗ್ಗಿ ಕೈ ಇಟ್ಟ. ಅವನ ನಗು ಮೆಲ್ಲಗೆ ನಿಂತಿತು.

"ಏಳ್ರೋ ಇಬ್ರೂ! ಅಲ್ಲೊಂದು ಮಗು ಕಾಯ್ತಿದೆ," ಅಂತ ಗದರಿ ವರ್ನಾ ಕಾರು ಹತ್ತಿ ಬಾಗಿಲು ಎಳೆದುಕೊಂಡಳು.